ಹಳೆಯ ವಾಹನಗಳಲ್ಲಿ ಎಂಜಿನ್ ತಡವಾಗಿ ಬಿಸಿಯಾಗುವುದು ಮತ್ತು ಇಂಧನ ವೆಚ್ಚ: ಒಂದು ಅಧ್ಯಯನ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ವ್ಯಾಪಾರವು ಬಹುಮಟ್ಟಿಗೆ ರಸ್ತೆ ಸಾಗಣೆಯನ್ನೇ ಅವಲಂಬಿಸಿದೆ. ಪುಣೆ–ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯು ಈ ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವು ಹುಮನಾಬಾದ್ ಮೂಲಕ ಆರಂಭವಾದರೂ, ತೊಗರಿ, ಉದ್ದು, ಸೋಯಾ, ಬೇಳೆ, ಕಿರಾಣಿ ಹಾಗೂ ಬಿಡಿಭಾಗಗಳ ಸಣ್ಣ ಪ್ರಮಾಣದ ಸಾಗಣೆಗೆ ಲಾರಿ, ಟೆಂಪೋ ಮತ್ತು ಪಿಕಪ್ ವಾಹನಗಳೇ ಆಧಾರವಾಗಿವೆ. ಇವುಗಳಲ್ಲಿ ಅನೇಕವು ಎರಡನೆಯ ಅಥವಾ ಮೂರನೆಯ ಕೈಗೆ ಬಂದ ಹಳೆಯ ವಾಹನಗಳು.

ಇಂತಹ ವಾಹನಗಳ ಲೆಕ್ಕ ನೋಡುವಾಗ ಪದೇ ಪದೇ ಎದುರಾಗುವ ದೂರು ಒಂದೇ: "ಆವರೇಜ್ ಕಡಿಮೆಯಾಗಿದೆ". ಮಾಲೀಕರ ಮೊದಲ ಸಂಶಯ ಚಾಲಕನ ಮೇಲೆ, ಎರಡನೆಯದು ಪೆಟ್ರೋಲ್ ಬಂಕಿನ ಮೇಲೆ. ಮೂರನೆಯ ಸಾಧ್ಯತೆಯೊಂದಿದ್ದು, ಅದು ಬೆಲೆಯಲ್ಲಿ ಅಗ್ಗವಾದ, ಗಾತ್ರದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಬಿಡಿಭಾಗಕ್ಕೆ ಸಂಬಂಧಿಸಿದೆ. ಅದೇ ಥರ್ಮೋಸ್ಟಾಟ್. ಇದರ ಕಾರ್ಯವಿಧಾನ, ಇದು ಕೆಟ್ಟಾಗ ಆಗುವ ನಷ್ಟ ಮತ್ತು ಆ ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

1. ಥರ್ಮೋಸ್ಟಾಟಿನ ಕೆಲಸ

ಎಂಜಿನ್ ಹೆಚ್ಚು ಬಿಸಿಯಾಗಬಾರದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಎಂಜಿನ್ ತಣ್ಣಗೆ ಓಡುವುದೂ ಹಾನಿಕರವೆಂಬುದು ಅಷ್ಟಾಗಿ ತಿಳಿದಿಲ್ಲ. ಸಾಮಾನ್ಯ ಎಂಜಿನ್ನುಗಳು ನೀರಿನ ಉಷ್ಣತೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಇರುವಾಗ ಸರಿಯಾಗಿ ಕೆಲಸ ಮಾಡುವಂತೆ ರೂಪಿತವಾಗಿರುತ್ತವೆ.

ಥರ್ಮೋಸ್ಟಾಟಿನೊಳಗೆ ಮೇಣ ತುಂಬಿದ ಒಂದು ಪುಟ್ಟ ಡಬ್ಬಿಯಿರುತ್ತದೆ. ಎಂಜಿನ್ ತಣ್ಣಗಿರುವಾಗ ಕವಾಟವು ಮುಚ್ಚಿದ್ದು, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಹೀಗಾಗಿ ಎಂಜಿನ್ ಬೇಗನೆ ಬಿಸಿಯಾಗುತ್ತದೆ. ನಿಗದಿತ ಉಷ್ಣತೆ ಬಂದಾಗ ಮೇಣ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ಆಗ ಮಾತ್ರ ನೀರು ರೇಡಿಯೇಟರಿಗೆ ಹರಿಯುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಸರ್ಜಿಯಸ್ ವರ್ನೆಟ್ ಅವರು ರೂಪಿಸಿದ ಈ ಮೇಣದ ತತ್ತ್ವವೇ ಇಂದಿಗೂ ಬಹುತೇಕ ವಾಹನಗಳಲ್ಲಿ ಬಳಕೆಯಲ್ಲಿದೆ.

2. ಅದನ್ನು ಕಳಚಿಹಾಕುವುದೇಕೆ?

ನಮ್ಮ ಭಾಗದ ಬೇಸಿಗೆ ಕಠಿಣವಾದುದು. ಅನೇಕ ವಾಹನಗಳ ರೇಡಿಯೇಟರಿಗೆ ಕೂಲಂಟ್ ಹಾಕದೆ ಕೊಳವೆಬಾವಿಯ ಗಡಸು ನೀರನ್ನೇ ತುಂಬಲಾಗುತ್ತದೆ. ಕಾಲಕ್ರಮೇಣ ಒಳಗೆ ಸುಣ್ಣದ ಪದರ ಮತ್ತು ತುಕ್ಕು ಕಟ್ಟಿ, ರೇಡಿಯೇಟರಿನ ನಳಿಕೆಗಳು ಮುಚ್ಚಿಹೋಗುತ್ತವೆ, ಥರ್ಮೋಸ್ಟಾಟೂ ಸಿಕ್ಕಿಕೊಳ್ಳುತ್ತದೆ. ಏರುದಾರಿಯಲ್ಲಿ ಎಂಜಿನ್ ಕುದಿಯತೊಡಗಿದಾಗ, ಬಾಡಿಗೆ ತಪ್ಪಬಾರದೆಂಬ ಅವಸರದಲ್ಲಿ ಮೆಕ್ಯಾನಿಕನು ಥರ್ಮೋಸ್ಟಾಟನ್ನು ತೆಗೆದುಬಿಡುತ್ತಾನೆ. ವಾಹನ ಮುಂದೆ ಓಡುತ್ತದೆ, ಮಾಲೀಕನಿಗೆ ಸಮಾಧಾನವಾಗುತ್ತದೆ. ಆದರೆ ತಾತ್ಕಾಲಿಕವಾಗಿ ತೆಗೆದದ್ದು ಕಾಯಂ ಆಗುತ್ತದೆ. ಮುಂದೆ ವಾಹನ ಕೊಂಡವನಿಗೆ ಅದು ಇಲ್ಲವೆಂಬ ಸಂಗತಿಯೇ ತಿಳಿದಿರುವುದಿಲ್ಲ.

ಇಲ್ಲಿ ರೋಗ ರೇಡಿಯೇಟರಿನದು, ಶಿಕ್ಷೆ ಥರ್ಮೋಸ್ಟಾಟಿಗೆ. ಇನ್ನೂ ಒಂದು ಅಂಶ ಗಮನಾರ್ಹ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟು ತೆರೆದುಕೊಂಡಾಗ ಒಳಸುತ್ತಿನ ದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದನ್ನು ತೆಗೆದರೆ ನೀರಿನ ಒಂದು ಭಾಗ ರೇಡಿಯೇಟರಿಗೆ ಹೋಗದೆಯೇ ಹಿಂದಿರುಗಿ, ಭಾರ ಹೊತ್ತ ವಾಹನ ಏರಿನಲ್ಲಿ ಮತ್ತಷ್ಟು ಬಿಸಿಯಾಗಲೂಬಹುದು.

ಈ ಸಮಸ್ಯೆ ಸರಕು ವಾಹನಗಳಿಗೆ ಸೀಮಿತವಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಹವ್ಯಾಸಕ್ಕಾಗಿ ಇಟ್ಟುಕೊಂಡವರೂ ಬಿಡಿಭಾಗ ದೊರೆಯದ ಕಾರಣಕ್ಕೋ, ಸ್ಪರ್ಧೆಯಲ್ಲಿ ಎಂಜಿನ್ ಕುದಿಯಬಾರದೆಂಬ ಕಾರಣಕ್ಕೋ ಇದೇ ಕ್ರಮವನ್ನು ಅನುಸರಿಸುವುದುಂಟು. ಅನಂತರ ಊರೊಳಗಿನ ಸಣ್ಣ ಓಡಾಟದಲ್ಲಿ ಎಂಜಿನ್ ಬಿಸಿಯಾಗುವುದಿಲ್ಲ, ಪೆಟ್ರೋಲ್ ಮಾತ್ರ ಹೆಚ್ಚು ಸುಡುತ್ತದೆ.

3. ತಣ್ಣನೆಯ ಎಂಜಿನ್ ಇಂಧನ ನುಂಗುವ ಬಗೆ

ಮೊದಲನೆಯದಾಗಿ, ತಣ್ಣನೆಯ ಎಣ್ಣೆ ಮಂದವಾಗಿದ್ದು ಘರ್ಷಣೆ ಹೆಚ್ಚುತ್ತದೆ. ಎರಡನೆಯದಾಗಿ, ತಣ್ಣನೆಯ ಸಿಲಿಂಡರಿನಲ್ಲಿ ಇಂಧನ ಪೂರ್ಣವಾಗಿ ಆವಿಯಾಗಿ ಉರಿಯುವುದಿಲ್ಲ; ಅದರ ಒಂದು ಪಾಲು ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಮೂರನೆಯದಾಗಿ, ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಪೆಟ್ರೋಲ್ ವಾಹನದಲ್ಲಿ ಉಷ್ಣತೆ ಕಡಿಮೆಯೆಂಬ ಸಂದೇಶ ಬರುತ್ತಿರುವವರೆಗೂ ನಿಯಂತ್ರಕವು ಹೆಚ್ಚುವರಿ ಇಂಧನ ಕೊಡುತ್ತಲೇ ಇರುತ್ತದೆ. ನಾಲ್ಕನೆಯದಾಗಿ, ಒಳಗೆ ತೇವಾಂಶ ಮತ್ತು ಆಮ್ಲ ಉಳಿದು ಸಿಲಿಂಡರಿನ ಸವೆತ ಹೆಚ್ಚುತ್ತದೆ. ಇದರ ಫಲ ಕೆಲವು ವರ್ಷಗಳ ನಂತರ ಎಂಜಿನ್ ಬಿಚ್ಚುವ ಬಿಲ್ಲಿನಲ್ಲಿ ಕಾಣುತ್ತದೆ.

ಅಮೆರಿಕದ ಇಂಧನ ಇಲಾಖೆಯ ಮಾಹಿತಿಯಂತೆ, ಊರೊಳಗಿನ ಓಡಾಟದಲ್ಲಿ ಪೆಟ್ರೋಲ್ ಕಾರಿನ ಮೈಲೇಜು 25 ಡಿಗ್ರಿ ಸೆಲ್ಸಿಯಸ್‌ಗೆ ಹೋಲಿಸಿದರೆ ಮೈನಸ್ 7 ಡಿಗ್ರಿಯಲ್ಲಿ ಸುಮಾರು ಶೇ. 15ರಷ್ಟು ಕಡಿಮೆ; ಐದಾರು ಕಿಲೋಮೀಟರಿನ ಸಣ್ಣ ಪ್ರಯಾಣದಲ್ಲಿ ಈ ಇಳಿಕೆ ಶೇ. 24ರವರೆಗೂ ಹೋಗಬಹುದು. ನಮ್ಮಲ್ಲಿ ಅಷ್ಟು ಚಳಿಯಿಲ್ಲ. ಆದರೂ ಸಣ್ಣ ಪ್ರಯಾಣದಲ್ಲಿ ತಣ್ಣನೆಯ ಎಂಜಿನ್ನಿನ ನಷ್ಟ ಹೆಚ್ಚೆಂಬ ತತ್ತ್ವ ಇಲ್ಲಿಗೂ ಅನ್ವಯಿಸುತ್ತದೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಇರುವ ದೂರ ಸುಮಾರು 30 ಕಿಲೋಮೀಟರು. ಥರ್ಮೋಸ್ಟಾಟ್ ಇಲ್ಲದ ವಾಹನ ಡಿಸೆಂಬರಿನ ಬೆಳಗಿನಲ್ಲಿ ಅರೆಭಾರ ಹೊತ್ತು ಹೊರಟರೆ, ಎದುರುಗಾಳಿಗೆ ರೇಡಿಯೇಟರು ತಣಿಯುತ್ತಲೇ ಇದ್ದು, ಊರು ತಲುಪುವವರೆಗೂ ಎಂಜಿನ್ ಸರಿಯಾದ ಉಷ್ಣತೆಗೆ ಬಾರದಿರಬಹುದು.

4. ಮಾಲೀಕರೇ ಮಾಡಬಹುದಾದ ಪರೀಕ್ಷೆ

ಬೆಳಿಗ್ಗೆ ಎಂಜಿನ್ ಪೂರ್ಣ ತಣ್ಣಗಿರುವಾಗ ಚಾಲೂ ಮಾಡಿ, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಕೊಳವೆಯನ್ನು, ಫ್ಯಾನಿನಿಂದ ಕೈ ದೂರವಿಟ್ಟು, ಆಗಾಗ ಮುಟ್ಟಿ ನೋಡಬೇಕು. ಥರ್ಮೋಸ್ಟಾಟ್ ಸರಿಯಿದ್ದರೆ ಕೊಳವೆ ಬಹಳ ಹೊತ್ತು ತಣ್ಣಗಿದ್ದು, ಮುಳ್ಳು ಸರಿಯಾದ ಗೆರೆಗೆ ಬಂದಾಗ ಒಮ್ಮೆಲೇ ಬಿಸಿಯಾಗುತ್ತದೆ. ಆರಂಭದಿಂದಲೇ ಸ್ವಲ್ಪ ಸ್ವಲ್ಪವಾಗಿ ಬೆಚ್ಚಗಾದರೆ ಥರ್ಮೋಸ್ಟಾಟು ಇಲ್ಲ ಅಥವಾ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು. ಹೆದ್ದಾರಿಯ ಓಟದಲ್ಲಿ ಮುಳ್ಳು ಇಳಿದು, ಊರೊಳಗೆ ನಿಂತಾಗ ಏರುವುದೂ ಇದೇ ದೋಷದ ಲಕ್ಷಣ.

ಕಳಚಿದ ಥರ್ಮೋಸ್ಟಾಟನ್ನು ಪರೀಕ್ಷಿಸಲು ಅದನ್ನು ದಾರದಿಂದ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಬೇಕು. ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುವ ಉಷ್ಣತೆಯ ಆಸುಪಾಸಿನಲ್ಲಿ ಕವಾಟ ತೆರೆಯತೊಡಗಬೇಕು. ತಣಿದಾಗ ಪೂರ್ತಿ ಮುಚ್ಚಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಥರ್ಮೋಸ್ಟಾಟ್ ಸರಿಯಿದ್ದರೂ ಎಂಜಿನ್ ತಣ್ಣಗೆ ಓಡಿದರೆ, ಫ್ಯಾನು ಸದಾ ತಿರುಗುತ್ತಿದೆಯೇ, ಉಷ್ಣತೆಯ ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂಬುದನ್ನು ನೋಡಬೇಕು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆ ಶುದ್ಧೀಕರಣದ ವ್ಯವಸ್ಥೆಗೂ ತಕ್ಕ ಉಷ್ಣತೆ ಅಗತ್ಯವಿರುವುದರಿಂದ ಥರ್ಮೋಸ್ಟಾಟನ್ನು ತೆಗೆಯುವ ಯೋಚನೆಯೇ ಸಲ್ಲದು.

5. ನಷ್ಟದ ಲೆಕ್ಕ

ಉದಾಹರಣೆಗೆ, ತಿಂಗಳಿಗೆ 2,000 ಕಿಲೋಮೀಟರ್ ಓಡುವ ಒಂದು ಟೆಂಪೋ ಲೀಟರಿಗೆ 12 ಕಿಲೋಮೀಟರ್ ಕೊಡಬೇಕಿದ್ದು, ಶೇ. 5ರಷ್ಟು ಇಳಿದು 11.4 ಕೊಡುತ್ತಿದೆ ಎಂದು ಭಾವಿಸೋಣ. ಡೀಸೆಲ್ ದರ ಲೆಕ್ಕದ ಅನುಕೂಲಕ್ಕೆ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 166.7 ಲೀಟರ್ ಬೇಕಾದಲ್ಲಿ 175.4 ಲೀಟರ್ ಖರ್ಚಾಗುತ್ತದೆ. ವರ್ಷಕ್ಕೆ ವ್ಯತ್ಯಾಸ ಸುಮಾರು 105 ಲೀಟರ್. ಹಣದಲ್ಲಿ ಸುಮಾರು 9,500 ರೂಪಾಯಿ. ಹೊಸ ಥರ್ಮೋಸ್ಟಾಟ್, ರೇಡಿಯೇಟರ್ ಶುದ್ಧಿ, ಕೂಲಂಟ್ ಮತ್ತು ಕೂಲಿ ಸೇರಿ 3,000 ರೂಪಾಯಿ ಆಯಿತೆಂದರೂ ಅದು ನಾಲ್ಕು ತಿಂಗಳೊಳಗೆ ಮರಳಿ ಬರುತ್ತದೆ. ಶೇ. 3ರ ನಿವ್ವಳ ಲಾಭದಲ್ಲಿ ವ್ಯಾಪಾರ ಮಾಡುವ ವರ್ತಕನು ಇದೇ 9,500 ರೂಪಾಯಿ ಗಳಿಸಲು ಸುಮಾರು 3.17 ಲಕ್ಷ ರೂಪಾಯಿಯ ವಹಿವಾಟು ನಡೆಸಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ತೆರಿಗೆಯ ದೃಷ್ಟಿಯಿಂದಲೂ ಈ ನಷ್ಟಕ್ಕೆ ಪರಿಹಾರವಿಲ್ಲ. ಪೆಟ್ರೋಲ್ ಮತ್ತು ಡೀಸೆಲ್ 2017ರಲ್ಲಿ ಬಂದ ಜಿಎಸ್‌ಟಿಯ ಹೊರಗಿರುವುದರಿಂದ ಅವುಗಳ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಹತ್ತಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳ ಮಾಲೀಕರು ಆದಾಯ ತೆರಿಗೆಯ ಅಂದಾಜು ಆದಾಯ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಅಲ್ಲಿ ಆದಾಯ ನಿಗದಿಯಾಗುವುದು ವಾಹನದ ಲೆಕ್ಕದಲ್ಲಿ. ಡೀಸೆಲ್ ಎಷ್ಟು ಸುಟ್ಟರೂ ಆ ಪದ್ಧತಿಯಲ್ಲಿ ತೆರಿಗೆ ಇಳಿಯುವುದಿಲ್ಲ.

6. ಚಾಲಕನ ಮೇಲಿನ ಸಂಶಯ

ಹಣದ ನಷ್ಟಕ್ಕಿಂತ ದೊಡ್ಡ ನಷ್ಟವೊಂದಿದೆ. ಲೆಕ್ಕವಿಲ್ಲದೆ ಸಂಶಯಪಟ್ಟು, ನಂಬಿಗಸ್ತ ಚಾಲಕನನ್ನು ಡೀಸೆಲ್ ಕಳ್ಳನೆಂದು ಕೆಲಸದಿಂದ ತೆಗೆಯುವುದು. ಅವನ ಹೆಸರು ಕೆಡುತ್ತದೆ, ಮತ್ತೊಬ್ಬ ಮಾಲೀಕನ ಬಳಿಯೂ ಕೆಲಸ ಸಿಗುವುದು ಕಷ್ಟವಾಗುತ್ತದೆ. ಹೊಸ ಚಾಲಕ ಬಂದರೂ ಆವರೇಜ್ ಮಾತ್ರ ಏರುವುದಿಲ್ಲ.

ಇದನ್ನು ತಪ್ಪಿಸಲು ಪ್ರತಿ ವಾಹನಕ್ಕೂ ಒಂದು ಇಂಧನ ಪುಸ್ತಕ ಇರಬೇಕು. ದಿನಾಂಕ, ಮೀಟರ್ ಓದು, ತುಂಬಿಸಿದ ಲೀಟರ್, ಮಾರ್ಗ, ಭಾರ ಮತ್ತು ಚಾಲಕ ಎಂಬ ಆರು ಅಂಕಣಗಳು ಸಾಕು. ಟ್ಯಾಂಕ್ ಪೂರ್ತಿ ತುಂಬಿಸಿದಾಗಿನಿಂದ ಮತ್ತೆ ಪೂರ್ತಿ ತುಂಬಿಸುವವರೆಗಿನ ಓಟವನ್ನು ಎರಡನೆಯ ಬಾರಿ ಹಾಕಿದ ಲೀಟರಿನಿಂದ ಭಾಗಿಸಬೇಕು. ಕನಿಷ್ಠ ಮೂರು ಭರ್ತಿಗಳ ಸರಾಸರಿ ನೋಡದೆ ತೀರ್ಮಾನಕ್ಕೆ ಬರಬಾರದು. ಆಮೇಲೆ ಒಂದೇ ಬಗೆಯ ಎರಡು ವಾಹನಗಳಿದ್ದರೆ, ಮಾರ್ಗ ಬದಲಿಸದೆ ಚಾಲಕರನ್ನು ಅದಲುಬದಲು ಮಾಡಬೇಕು. ಕೊರತೆಯು ಚಾಲಕನೊಂದಿಗೆ ಹೋದರೆ ಕಾರಣ ಅವನ ಚಾಲನೆಯಲ್ಲೋ ನಡತೆಯಲ್ಲೋ ಇರಬಹುದು. ವಾಹನದಲ್ಲೇ ಉಳಿದರೆ ಕಾರಣ ವಾಹನದಲ್ಲಿದೆ. ಕಳವಿನ ಕೊರತೆ ಸಾಮಾನ್ಯವಾಗಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಇರುತ್ತದೆ. ತಣ್ಣನೆಯ ಎಂಜಿನ್ನಿನ ಕೊರತೆ ಎಡೆಬಿಡದೆ ಇದ್ದು, ಚಳಿಗಾಲದಲ್ಲಿ ಮತ್ತು ಸಣ್ಣ ಪ್ರಯಾಣಗಳಲ್ಲಿ ಹೆಚ್ಚಾಗುತ್ತದೆ.

7. ಪಾಲಿಸಬೇಕಾದ ಕ್ರಮ

ಹಳೆಯ ವಾಹನ ಕೊಳ್ಳುವಾಗ ಥರ್ಮೋಸ್ಟಾಟ್ ಇದೆಯೇ ಎಂದು ಕೇಳಿ ಪರೀಕ್ಷಿಸಬೇಕು. ಕೊಳವೆಬಾವಿಯ ನೀರನ್ನು ಬಿಟ್ಟು, ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲಂಟ್ ಮತ್ತು ಶುದ್ಧೀಕರಿಸಿದ ನೀರು ಬಳಸಬೇಕು. ಎಂಜಿನ್ ಕುದಿದರೆ ಮೊದಲು ರೇಡಿಯೇಟರ್, ಅದರ ಮುಚ್ಚಳ, ಬೆಲ್ಟ್ ಮತ್ತು ಫ್ಯಾನ್ ನೋಡಬೇಕು. ದಾರಿಯಲ್ಲಿ ಥರ್ಮೋಸ್ಟಾಟ್ ತೆಗೆಯಲೇಬೇಕಾಗಿ ಬಂದರೆ ಆ ಸಂಗತಿಯನ್ನು ಇಂಧನ ಪುಸ್ತಕದಲ್ಲಿ ಅದೇ ದಿನ ಬರೆದು, ಊರಿಗೆ ಬಂದ ವಾರದೊಳಗೆ ಅದೇ ಉಷ್ಣತೆಯ ಹೊಸದನ್ನು ಹಾಕಿಸಬೇಕು. ಬೆಳಿಗ್ಗೆ ಎಂಜಿನ್ ಬಿಸಿ ಮಾಡಲೆಂದು ಬಹಳ ಹೊತ್ತು ನಿಂತಲ್ಲೇ ಚಾಲೂ ಇಡದೆ, ಗಾಳಿ ಬ್ರೇಕಿನ ವಾಹನವಾದರೆ ಒತ್ತಡ ತುಂಬಿದೊಡನೆ, ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸುವುದೇ ಉತ್ತಮ.

ಅಂಗಡಿಯ ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವ ವರ್ತಕರು ತಮ್ಮ ವಾಹನದ ಡೀಸೆಲನ್ನು ತಿಂಗಳಿಗೊಮ್ಮೆಯಾದರೂ ಎಣಿಸುವುದು ಯುಕ್ತ. ಚಾಲಕನನ್ನು ಪ್ರಶ್ನಿಸುವ ಮೊದಲು ಆ ಪುಸ್ತಕವನ್ನು ತೆರೆದು ನೋಡುವುದು ಮಾಲೀಕನ ಕರ್ತವ್ಯವೂ ಹೌದು.