ಬೀರುವಿಗೆ ಸೇರುವ ಮುನ್ನ ಅರ್ಧ ಚಾರ್ಜು

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಮನೆಗೆ ಬಂದಮೇಲೆ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಹಾಳಾಗುತ್ತದಾ? ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ. ಬ್ಯಾಟರಿ ತುಂಬಿದ ಕೂಡಲೇ ಚಾರ್ಜಿಂಗ್ ನಿಲ್ಲಿಸುವ ಸರ್ಕಿಟ್ ಆ ಯಂತ್ರದ ಒಳಗೇ ಇದೆ. ಯಾರೂ ಮುಂಚಿತವಾಗಿ ಕೇಳದ ಪ್ರಶ್ನೆ ಬೇರೆಯದು. ಮಗಳು ಸೆಕೆಂಡ್ ಪಿಯುಸಿಗೆ ಬಂದಳೆಂದು ಜೂನ್‌ನಲ್ಲಿ ಕನ್ಸೋಲನ್ನು ಬೀರುವಿಗೆ ಸೇರಿಸಿ ಬೀಗ ಹಾಕುತ್ತೀರಿ. ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್ ಎಲ್ಲ ಮುಗಿದು ಮರುವರ್ಷದ ಮೇ ತಿಂಗಳಲ್ಲಿ ಹೊರತೆಗೆದರೆ ಅದು ಕಣ್ಣೇ ಬಿಡುವುದಿಲ್ಲ. ಆಡಿ ಆಡಿ ಸವೆದ ಬ್ಯಾಟರಿಗಿಂತ ಹೀಗೆ ಬರಿದಾಗಿ ಮರೆತುಹೋದದ್ದರಿಂದಲೂ ಬಿಸಿಯಿಂದಲೂ ಕೆಟ್ಟ ಬ್ಯಾಟರಿಗಳ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಸವೆತ ಯಾರಿಗೂ ತಪ್ಪಿದ್ದಲ್ಲ. ಉಳಿದೆರಡನ್ನು ಮನೆಯವರೇ ತಪ್ಪಿಸಬಹುದು.

ಹಳೆಯ ಬುದ್ಧಿಮಾತೊಂದು ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿದೆ: ಪೂರ್ತಿ ಇಳಿಸಿ, ಆಮೇಲೆ ಪೂರ್ತಿ ಏರಿಸಬೇಕು. ಅದು ಸುಳ್ಳಲ್ಲ, ಅದರ ಕಾಲ ಮುಗಿದಿದೆ ಅಷ್ಟೆ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಪ್ರತಿಸಲ ಅರ್ಧಕ್ಕೇ ಚಾರ್ಜಿಗೆ ಹಾಕುತ್ತ ಹೋದರೆ ಅವು ಕ್ರಮೇಣ ಅಷ್ಟಕ್ಕೇ ಒಗ್ಗಿಬಿಡುವ ಸಾಧ್ಯತೆ ಇತ್ತು. ಆಗಿನ ಗೇಮ್ ಯಂತ್ರಗಳು ನಡೆಯುತ್ತಿದ್ದದ್ದೂ ಬಿಡಿ ಸೆಲ್‌ಗಳಿಂದಲೇ: 1989ರಲ್ಲಿ ಬಂದ ನಿಂಟೆಂಡೊ ಗೇಮ್ ಬಾಯ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕಿತ್ತು. ಅದರ ಬೆನ್ನಿಗೇ ಬಂದ ಸೆಗಾ ಗೇಮ್ ಗಿಯರ್‌ಗೆ ಬಣ್ಣದ ಪರದೆ ಇದ್ದರೂ ಆರು ಸೆಲ್‌ಗಳನ್ನು ಮೂರರಿಂದ ಐದು ಗಂಟೆಯಲ್ಲಿ ಮುಗಿಸಿಬಿಡುತ್ತಿತ್ತು. 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಿಂದ ಈಚೆಗೆ ಈ ಯಂತ್ರಗಳ ಒಳಗಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಸೋನಿ ಕಂಪನಿ 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದ, 2019ರಲ್ಲಿ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟ ಬ್ಯಾಟರಿ ಇದೇ. ಇದಕ್ಕೆ ಹಳೆಯ ಅಭ್ಯಾಸವೇ ಹಾನಿ. ಆಗಾಗ ಸ್ವಲ್ಪ ಸ್ವಲ್ಪ ತುಂಬಿಸಿಕೊಳ್ಳುವುದೇ ಇದಕ್ಕೆ ಹಿತ.

ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಲೋಹದ ಆಕ್ಸೈಡ್ ಇರುವ ಕಡೆಯಿಂದ ಗ್ರಾಫೈಟ್ ಕಡೆಗೆ ಹೋಗಿ ಸೇರುತ್ತವೆ. ಆಡುವಾಗ ಮರಳಿ ಬರುತ್ತವೆ. ಈ ಓಡಾಟದಲ್ಲಿ ಗ್ರಾಫೈಟ್ ಮೇಲೆ ತೆಳ್ಳಗಿನ ಪದರವೊಂದು ಬೆಳೆಯುತ್ತ, ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಕೊಂಡು ಉಳಿದುಬಿಡುತ್ತದೆ. ಬ್ಯಾಟರಿಯ ವಯಸ್ಸು ಎಂದರೆ ಬಹುಪಾಲು ಇದೇ. ಪೂರ್ತಿ ತುಂಬಿದ ಬ್ಯಾಟರಿಯ ವೋಲ್ಟೇಜ್ ಸುಮಾರು 4.2 ಇರುತ್ತದೆ. ಆ ಎತ್ತರದಲ್ಲಿ ಬಹಳ ಹೊತ್ತು ನಿಂತರೆ ಈ ಸವೆತ ಹೆಚ್ಚು; ಜೊತೆಗೆ ಬಿಸಿಯೂ ಸೇರಿದರೆ ಇನ್ನೂ ಹೆಚ್ಚು. ಐದುನೂರರಿಂದ ಎಂಟುನೂರು ಸಲ ಪೂರ್ತಿ ಚಾರ್ಜಾದ ಹೊತ್ತಿಗೆ ಇಂಥ ಬ್ಯಾಟರಿಯ ಶಕ್ತಿ ಹೊಸತರಲ್ಲಿ ಇದ್ದದ್ದರ ಶೇಕಡಾ 80ರ ಆಸುಪಾಸಿಗೆ ಇಳಿಯುವುದು ಸಹಜ. ಇಲ್ಲಿ ಲೆಕ್ಕ ನೂರಕ್ಕೆ ನೂರರದ್ದು: ಅರ್ಧ ಇಳಿಸಿ ಎರಡು ದಿನ ಚಾರ್ಜ್ ಮಾಡಿದರೆ ಒಂದು ಸಲ ಎಂದೇ ಎಣಿಕೆ. ಹಾಗಾಗಿ ಮಗು ಪದೇ ಪದೇ ಪ್ಲಗ್ ಚುಚ್ಚುತ್ತದೆ ಎಂದು ಗದರುವ ಅಗತ್ಯವಿಲ್ಲ.

ಇನ್ನೊಂದು ತುದಿಯಲ್ಲಿ ಆಗುವುದು ಹೀಗೆ. ಪರದೆ ಸೊನ್ನೆ ತೋರಿಸಿ ಆರಿಹೋದಾಗ ಬ್ಯಾಟರಿ ನಿಜಕ್ಕೂ ಬರಿದಾಗಿರುವುದಿಲ್ಲ. ತನ್ನನ್ನು ಕಾಪಾಡಿಕೊಳ್ಳಲು ಒಂದಿಷ್ಟನ್ನು ಹಿಂದೆ ಇಟ್ಟುಕೊಂಡಿರುತ್ತದೆ. ಆದರೆ ಬೀರುವಿನಲ್ಲಿ ಕೂತಾಗಲೂ ಅದು ತಾನಾಗಿಯೇ ನಿಧಾನಕ್ಕೆ ಇಳಿಯುತ್ತಿರುತ್ತದೆ. ತಿಂಗಳುಗಳು ಕಳೆದ ಹಾಗೆ ಆ ಮೀಸಲೂ ಕರಗಿ ವೋಲ್ಟೇಜ್ ತೀರಾ ಕೆಳಕ್ಕೆ ಹೋದರೆ, ಒಳಗಿನ ತಾಮ್ರದ ಹಾಳೆ ಕರಗಲು ತೊಡಗುತ್ತದೆ. ಅಂಥ ಬ್ಯಾಟರಿಯನ್ನು ಮತ್ತೆ ತುಂಬಿಸುವುದು ಅಪಾಯ. ಒಳಗೇ ಶಾರ್ಟ್ ಆಗಬಹುದು. ಅದಕ್ಕೇ ರಕ್ಷಣಾ ಸರ್ಕಿಟ್ ಚಾರ್ಜನ್ನು ಒಳಗೆ ಬಿಡದೆ ತಡೆಯುತ್ತದೆ. ಮೇ ತಿಂಗಳಲ್ಲಿ ನಿಮಗೆ ಕಾಣುವ ಸತ್ತ ಕನ್ಸೋಲಿನ ಕಥೆ ಇಷ್ಟೇ.

ಆದ್ದರಿಂದ ಪರೀಕ್ಷೆಗೆಂದು ಕನ್ಸೋಲ್ ಎತ್ತಿಡುವವರು ಸಿಟ್ಟಿನಲ್ಲಿ ಕಿತ್ತುಕೊಂಡು ಇಡಬೇಡಿ. ಅದಕ್ಕೊಂದು ಸಣ್ಣ ಕ್ರಮವಿದೆ. ಅರ್ಧದಷ್ಟು ಚಾರ್ಜ್ ಇರುವಾಗ, ಐವತ್ತೋ ಅರುವತ್ತೋ ತೋರಿಸುತ್ತಿರುವಾಗ ಇಡಿ. ಪೂರ್ತಿ ಆಫ್ ಮಾಡಿ. ನಿಂಟೆಂಡೊ ಸ್ವಿಚ್‌ನ ಪವರ್ ಬಟನ್ನನ್ನು ಒಮ್ಮೆ ಒತ್ತಿದರೆ ಅದು ನಿದ್ದೆಗೆ ಜಾರುತ್ತದೆಯೇ ಹೊರತು ಆಫ್ ಆಗುವುದಿಲ್ಲ. ಬಟನ್ನನ್ನು ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಬರುವ ಪಟ್ಟಿಯಲ್ಲಿ ಆಫ್ ಮಾಡುವ ಆಯ್ಕೆ ಇದೆ. ಬಳಸದೆ ಇಟ್ಟರೂ ಆರು ತಿಂಗಳಿಗೆ ಒಮ್ಮೆಯಾದರೂ ಚಾರ್ಜ್ ಮಾಡಿ ಎನ್ನುತ್ತದೆ ನಿಂಟೆಂಡೊ. ನನ್ನ ಸಲಹೆ ಎರಡು ಮೂರು ತಿಂಗಳಿಗೊಮ್ಮೆ. ಪರೀಕ್ಷೆಯ ದಿನಗಳನ್ನು ಗುರುತು ಹಾಕಿದ ಕ್ಯಾಲೆಂಡರಿನಲ್ಲೇ ಇದಕ್ಕೂ ಒಂದು ದಿನ ಗುರುತು ಹಾಕಿ. ಪಕ್ಕದಲ್ಲಿ ಸಿಕ್ಕಿಸುವ ಜಾಯ್-ಕಾನ್‌ಗಳ ಒಳಗೂ ಪುಟ್ಟ ಬ್ಯಾಟರಿ ಇದೆ ಎನ್ನುವುದು ಎಷ್ಟೋ ಜನಕ್ಕೆ ನೆನಪಿರುವುದಿಲ್ಲ. ಅವನ್ನು ಬೇರೆ ಡಬ್ಬಿಯಲ್ಲಿ ಹಾಕಿ ಮರೆತರೆ ಅವೂ ಅದೇ ದಾರಿ ಹಿಡಿಯುತ್ತವೆ. ಈಗಾಗಲೇ ಸತ್ತಂತೆ ಬಿದ್ದಿರುವ ಕನ್ಸೋಲ್ ಇದ್ದರೆ, ಮೊದಲು ಅದು ಎಲ್ಲೂ ಊದಿಲ್ಲವೆಂದು ನೋಡಿಕೊಂಡು, ಅದರದ್ದೇ ಚಾರ್ಜರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ಕೆಲವು ಗಂಟೆ ಬಿಡಿ. ನೀವು ಎಚ್ಚರವಿರುವಾಗ, ಕಣ್ಣಿಗೆ ಕಾಣುವ ಜಾಗದಲ್ಲಿ. ಕೆಲವು ಎದ್ದು ಕೂರುತ್ತವೆ.

ಇನ್ನು ಬಿಸಿ. ಸ್ವಿಚ್ ಬಳಕೆಗೆ ನಿಂಟೆಂಡೊ ಹೇಳುವ ವಾತಾವರಣ 5ರಿಂದ 35 ಡಿಗ್ರಿ ಸೆಲ್ಸಿಯಸ್. 2022ರ ಜುಲೈನಲ್ಲಿ ಜಪಾನಿನಲ್ಲಿ ಬಿಸಿಗಾಳಿ ಬೀಸಿದಾಗ ಕಂಪನಿ ತನ್ನ ಗಿರಾಕಿಗಳಿಗೆ ಇದನ್ನೇ ಮತ್ತೆ ನೆನಪಿಸಿತ್ತು. ನಮ್ಮ ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ ನಲವತ್ತನ್ನು ದಾಟುವುದು ಸುದ್ದಿಯೇ ಅಲ್ಲ. ಮಕ್ಕಳು ರಜೆಯಲ್ಲಿ ದಿನವಿಡೀ ಆಡುವುದೂ ಆಗಲೇ. ಹಾಗೆಂದು ಆಟವೇ ಬೇಡ ಎನ್ನುತ್ತಿಲ್ಲ. ನಡುಮಧ್ಯಾಹ್ನ, ಚಾರ್ಜಿಗೆ ಹಾಕಿಕೊಂಡೇ, ಹಾಸಿಗೆಯ ಮೇಲೆ ಬೋರಲಾಗಿ ಬಿದ್ದು ಭಾರದ ಗೇಮ್ ಆಡುವುದು ಬೇಡ. ಸ್ವಿಚ್ ಮತ್ತು ಅಂಥದ್ದೇ ಇನ್ನೊಂದು ಕನ್ಸೋಲ್ ಆದ ಸ್ಟೀಮ್ ಡೆಕ್ ಎರಡೂ ಹಿಂಬದಿಯಿಂದ ಗಾಳಿ ಎಳೆದುಕೊಂಡು ಮೇಲ್ಭಾಗದಿಂದ ಬಿಡುತ್ತವೆ. ಹಿಂಬದಿ ದಿಂಬಿಗೋ ಹೊದಿಕೆಗೋ ಒತ್ತಿಕೊಂಡರೆ ಆ ದಾರಿ ಮುಚ್ಚಿತು. ದಪ್ಪನೆಯ ಸಿಲಿಕಾನ್ ಕವರ್ ಇದ್ದರೆ ಚಾರ್ಜ್ ಮಾಡುವಾಗ ತೆಗೆಯುವುದು ಮೇಲು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಬೆಂಗಳೂರಿನಲ್ಲೂ ಅಷ್ಟೇ. ಗಾಜು ಏರಿಸಿದ ಕಾರಿನ ಡ್ಯಾಶ್‌ಬೋರ್ಡ್ ಹೊರಗಿನ ಹವೆಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಬಿಸಿಯಾಯಿತೆಂದು ಫ್ರಿಜ್‌ನಲ್ಲಿ ಇಡುವ ಜಾಣ ಮಕ್ಕಳೂ ಇದ್ದಾರೆ. ಹೊರತೆಗೆದಾಗ ಒಳಗೆಲ್ಲ ತೇವ ಕಟ್ಟಿ ಸರ್ಕಿಟ್ ಹೋದೀತು. ಫ್ಯಾನಿನ ಕೆಳಗೆ ಅರ್ಧ ಗಂಟೆ ಸುಮ್ಮನೆ ಇಟ್ಟರೆ ಸಾಕು.

ರಾತ್ರಿಯ ಚಾರ್ಜಿಂಗ್ ವಿಷಯಕ್ಕೆ ಮತ್ತೆ ಬರುತ್ತೇನೆ. ಬೆಳಗಿನವರೆಗೆ ನೂರರಲ್ಲಿ ನಿಂತರೆ ಸವೆತ ತುಸು ಹೆಚ್ಚು, ನಿಜ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲಿ ಚಾರ್ಜನ್ನು ಸುಮಾರು ಶೇಕಡಾ 90ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ. ಸ್ಟೀಮ್ ಡೆಕ್‌ನ ಈಚಿನ ತಂತ್ರಾಂಶದಲ್ಲೂ ಮಿತಿ ಹಾಕಿಡಬಹುದು. ಮನೆಯಲ್ಲೇ ಆಡುವ ಮಗುವಾದರೆ ಒಮ್ಮೆ ಇದನ್ನು ಆನ್ ಮಾಡಿ ಮರೆತುಬಿಡಿ. ಹಳೆಯ ಸ್ವಿಚ್‌ನಲ್ಲಿ ಈ ಸೌಲಭ್ಯವಿಲ್ಲ, ಅದಕ್ಕಾಗಿ ನಡುರಾತ್ರಿ ಅಲಾರಂ ಇಟ್ಟು ಎದ್ದು ಪ್ಲಗ್ ಕೀಳುವಷ್ಟು ದೊಡ್ಡ ಸಂಗತಿಯೂ ಇದಲ್ಲ. ನನ್ನ ತಕರಾರು ಇರುವುದು ಜಾಗದ ಬಗ್ಗೆ. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ, ಬಟ್ಟೆಯ ರಾಶಿಯ ನಡುವೆ ಚಾರ್ಜಿಗೆ ಹಾಕಬೇಡಿ. ಹಾಲ್‌ನಲ್ಲಿ, ಗಟ್ಟಿ ಮೇಜಿನ ಮೇಲೆ ಒಂದು ಜಾಗ ಗೊತ್ತು ಮಾಡಿ, ಮನೆಯವರೆಲ್ಲರ ಫೋನುಗಳೂ ರಾತ್ರಿ ಅಲ್ಲೇ ಕೂರಲಿ. ಹನ್ನೊಂದು ಗಂಟೆಯ ಮೇಲೆ ಹೊದಿಕೆಯೊಳಗೆ ನಡೆಯುವ ಆಟಕ್ಕೂ ಇದೇ ಮದ್ದು. ಬೈಯುವ ಕೆಲಸ ತಪ್ಪುತ್ತದೆ. ಆದರೆ ನಿಮ್ಮ ಫೋನ್ ನಿಮ್ಮ ದಿಂಬಿನ ಪಕ್ಕದಲ್ಲೇ ಇದ್ದರೆ ಈ ಮಾತು ನಡೆಯುವುದಿಲ್ಲ, ಮಕ್ಕಳು ಅದನ್ನು ಮೊದಲು ನೋಡುತ್ತಾರೆ.

ಚಾರ್ಜರ್ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು ಬೇಕು. ಮೊದಲ ಸ್ವಿಚ್ ಜೊತೆ ಬರುವ ಅಡಾಪ್ಟರ್ 15 ವೋಲ್ಟ್, 2.6 ಆಂಪಿಯರ್ ಕೊಡಬಲ್ಲದು. ಟಿವಿಗೆ ಜೋಡಿಸುವ ಡಾಕ್‌ಗೆ ಅದೇ ಬೇಕು. ಮನೆಯ ಹಳೆಯ ಫೋನ್ ಚಾರ್ಜರಿನಿಂದ ಕೈಯಲ್ಲಿರುವ ಯಂತ್ರ ನಿಧಾನಕ್ಕೆ ಚಾರ್ಜಾಗುತ್ತದೆ, ಆದರೆ ಜೊತೆಗೆ ಆಡುತ್ತಿದ್ದರೆ ಅಂಕಿ ಏರುವ ಬದಲು ಇಳಿಯಲೂಬಹುದು. 2018ರಲ್ಲಿ ಸ್ವಿಚ್‌ನ ತಂತ್ರಾಂಶ ಬದಲಾದ ಮೇಲೆ ಬೇರೆ ಕಂಪನಿಯ ಡಾಕ್‌ಗಳಿಗೆ ಸಿಕ್ಕಿಸಿದ ಕೆಲವು ಯಂತ್ರಗಳು ಕೆಟ್ಟೇಹೋದವು. ಹೀಗಾಗಿ ಅಗ್ಗದ ಡಾಕ್ ಒಂದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅಮೆರಿಕದ ಚಿಕ್ಕಪ್ಪ, ಅತ್ತೆ ತಂದುಕೊಟ್ಟ ಯಂತ್ರಗಳಲ್ಲಿ ಇನ್ನೊಂದು ಎಚ್ಚರ. ಚಾರ್ಜರ್ ಮೇಲಿನ ಸಣ್ಣ ಅಕ್ಷರಗಳಲ್ಲಿ 100-240 ವೋಲ್ಟ್ ಎಂದಿದ್ದರೆ ಪಿನ್ ಬದಲಿಸುವ ಚಿಕ್ಕ ಅಡಾಪ್ಟರ್ ಸಾಕು. ಆದರೆ ನಿಂಟೆಂಡೊ ಡಿಎಸ್ ಕಾಲದ ಅಲ್ಲಿನ ಚಾರ್ಜರುಗಳ ಮೇಲೆ ಬರೀ 120 ವೋಲ್ಟ್ ಎಂದಿರುತ್ತದೆ. ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟಿತೆಂದೇ ಲೆಕ್ಕ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

"ನಂದು ಎರಡೂವರೆ ಗಂಟೆಗೇ ಖಾಲಿ, ಅವನದು ಐದು ಗಂಟೆ ಬರುತ್ತೆ" ಎಂದು ಮಗು ದೂರಿದರೆ ಕೂಡಲೇ ಬ್ಯಾಟರಿ ಕೆಟ್ಟಿದೆ ಎಂದುಕೊಳ್ಳಬೇಡಿ. 2017ರ ಸ್ವಿಚ್‌ಗೆ ಕಂಪನಿ ಹೇಳಿದ್ದೇ ಎರಡೂವರೆಯಿಂದ ಆರೂವರೆ ಗಂಟೆ. ನೋಡಲು ಅದರಂತೆಯೇ ಇರುವ 2019ರ ಸುಧಾರಿತ ಮಾದರಿಗೆ ನಾಲ್ಕೂವರೆಯಿಂದ ಒಂಬತ್ತು. ಬ್ಯಾಟರಿ ಎರಡರಲ್ಲೂ ಒಂದೇ, 4,310 ಎಂಎಎಚ್. ಬದಲಾದದ್ದು ಕಡಿಮೆ ಕರೆಂಟ್ ಕುಡಿಯುವ ಚಿಪ್. ಜೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್ ಗೇಮ್ ಹಳೆಯದರಲ್ಲಿ ಸುಮಾರು ಮೂರು ಗಂಟೆ, ಹೊಸದರಲ್ಲಿ ಐದೂವರೆ ಗಂಟೆ ಬರುತ್ತದೆಂಬುದು ನಿಂಟೆಂಡೊದ್ದೇ ಅಂದಾಜು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂಬದಿಯ ಮಾದರಿ ಸಂಖ್ಯೆ ನೋಡಬೇಕು: ಎಚ್‌ಎಸಿ-001ರ ಮುಂದೆ ಆವರಣದಲ್ಲಿ -01 ಇದ್ದರೆ ಅದು ಹೊಸ ಮಾದರಿ. ಸ್ವಿಚ್ 2ಕ್ಕೆ 5,220 ಎಂಎಎಚ್‌ನ ದೊಡ್ಡ ಬ್ಯಾಟರಿ ಇದ್ದರೂ ಬರುವುದು ಎರಡರಿಂದ ಆರೂವರೆ ಗಂಟೆ, ಅದರ ಪರದೆ ಮತ್ತು ಚಿಪ್‌ನ ಹಸಿವೂ ದೊಡ್ಡದು. ಪರದೆಯ ಬೆಳಕು ಇಳಿಸುವುದು, ಇಂಟರ್‌ನೆಟ್ ಬೇಡದ ಗೇಮ್‌ನಲ್ಲಿ ಫ್ಲೈಟ್ ಮೋಡ್ ಹಾಕುವುದು, ಸ್ಟೀಮ್ ಡೆಕ್ ಆದರೆ ಸೆಕೆಂಡಿಗೆ ನಲವತ್ತು ಫ್ರೇಮ್‌ಗೆ ಮಿತಿ ಹಾಕುವುದು, ಇಷ್ಟು ಕಲಿಸಿದರೆ ಸಾಕು. ಮಕ್ಕಳು ಇದನ್ನು ನಮಗಿಂತ ಬೇಗ ಕಲಿಯುತ್ತಾರೆ.

ವಿಮಾನದಲ್ಲಿ ಹೋಗುವಾಗ ಕನ್ಸೋಲ್, ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲಿರಲಿ. ಪವರ್ ಬ್ಯಾಂಕನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. ನೂರು ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. 20,000 ಎಂಎಎಚ್‌ನ ಪವರ್ ಬ್ಯಾಂಕ್ ಎಂದರೆ ಸುಮಾರು 74 ವ್ಯಾಟ್-ಅವರ್.

ಕೊನೆಯದಾಗಿ, ಊದಿಕೊಂಡ ಬ್ಯಾಟರಿ. ಪರದೆ ಅಂಚಿನಲ್ಲಿ ಮೇಲೆದ್ದಿದೆ, ಹಿಂಬದಿ ಉಬ್ಬಿದೆ, ಹಳೆಯ ಪಿಎಸ್‌ಪಿಯ (ಅದೂ ಕೈಯಲ್ಲಿ ಹಿಡಿಯುವ ಕನ್ಸೋಲೇ) ಬ್ಯಾಟರಿ ಮುಚ್ಚಳ ಕೂರುತ್ತಿಲ್ಲ, ಹೀಗಿದ್ದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ, ಚುಚ್ಚಬೇಡಿ. ಆಫ್ ಮಾಡಿ, ಬೇಗ ಹೊತ್ತಿಕೊಳ್ಳುವ ವಸ್ತುಗಳಿಂದ ದೂರ, ಕಲ್ಲಿನ ಕಟ್ಟೆಯಂಥ ಜಾಗದಲ್ಲಿಟ್ಟು ಅನುಭವಿ ರಿಪೇರಿಯವರಿಗೆ ತೋರಿಸಿ. ಸ್ವಿಚ್‌ನ ಬ್ಯಾಟರಿಯನ್ನು ಅಂಟಿನಿಂದ ಕೂರಿಸಿರುತ್ತಾರೆ, ಹೊರಕವಚಕ್ಕೆ ಮೂರು ಸೀಳಿನ ವಿಶೇಷ ಸ್ಕ್ರೂಗಳಿವೆ. ವಿಡಿಯೊ ನೋಡಿಕೊಂಡು ಚಾಕುವಿನಿಂದ ಎಬ್ಬಿಸುವ ಸಾಹಸ ಮಕ್ಕಳದ್ದೂ ಬೇಡ, ಅಪ್ಪಂದಿರದ್ದೂ ಬೇಡ. ಹೊಗೆ ಬಂದರೆ ಎಲ್ಲರೂ ಹೊರಗೆ ನಡೆಯಿರಿ, 112ಕ್ಕೆ ಕರೆ ಮಾಡಿ. ತೆಗೆದ ಹಳೆಯ ಬ್ಯಾಟರಿಯನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ. ಬೆಳಗಿನ ಕಸದ ಚೀಲದೊಳಗೆ ಹಾಕಬೇಡಿ. ಕಸದ ಗಾಡಿಯಲ್ಲಿ ಒತ್ತಡಕ್ಕೆ ಸಿಕ್ಕಿ ಅದು ಹೊತ್ತಿಕೊಂಡರೆ ಸುಟ್ಟುಕೊಳ್ಳುವುದು ಪೌರಕಾರ್ಮಿಕರ ಕೈ.