ಲಾವಂಚ ಎಲ್ಲಿ, ಮಜ್ಜಿಗೆ ಹುಲ್ಲು ಎಲ್ಲಿ

ಪುಟ್ಟೀ, ನೀನು ಕಳಿಸಿದ ಫೋಟೊಗಳನ್ನು ಎರಡೆರಡು ಸಲ ನೋಡಿದೆ. ಮನೆ ಚೆನ್ನಾಗಿ ಬಂದಿದೆ. ಆದರೆ ನನ್ನ ಕಣ್ಣು ಹೋದದ್ದು ಗೇಟಿನ ಪಕ್ಕದ ದಿಣ್ಣೆಯ ಮೇಲೆ. ಜೆಸಿಬಿ ಕಡಿದ ಕೆಮ್ಮಣ್ಣು ಹಾಗೇ ಬೋಳಾಗಿ ನಿಂತಿದೆ. ಅಲ್ಲಿಗೆ ಪಂಪಾಸ್ ಹುಲ್ಲು ತರಲೋ, ಫೌಂಟನ್ ಹುಲ್ಲು ತರಲೋ ಎಂದು ಕೇಳಿದ್ದೀಯ. ಎರಡೂ ಬೇಡ ಕಣೇ. ಪಂಪಾಸ್ ದಕ್ಷಿಣ ಅಮೆರಿಕದ್ದು. ಅಂದಕ್ಕೆಂದು ಅದನ್ನು ತರಿಸಿಕೊಂಡ ನ್ಯೂಜಿಲೆಂಡಿನವರೂ ಕ್ಯಾಲಿಫೋರ್ನಿಯಾದವರೂ ಇವತ್ತು ಕಳೆ ಎಂದು ಕಿತ್ತು ಹಾಕುತ್ತಿದ್ದಾರೆ. ಫೌಂಟನ್ ಹುಲ್ಲು ಹವಾಯಿ ದ್ವೀಪಗಳಲ್ಲಿ ತೋಟದಿಂದ ಆಚೆ ಹಾರಿ ಬೆಟ್ಟಗಳನ್ನೇ ಹಿಡಿದಿದೆ. ನಿನ್ನ ಸೈಟಿನ ಹಿಂದೆ ಇನ್ನೂ ರಾಗಿ ಹೊಲಗಳಿವೆ. ಗಾಳಿಗೆ ಬೀಜ ತೂರುವ ಹುಲ್ಲನ್ನು ಅವುಗಳ ಪಕ್ಕಕ್ಕೆ ತಂದು ಕೂರಿಸುವುದು ನ್ಯಾಯವಲ್ಲ.

ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹಸಿರಾಗಿ ನಿಲ್ಲುವ ಎರಡು ಹುಲ್ಲು ನಮ್ಮ ಹಿತ್ತಲಲ್ಲೇ ಇವೆಯಲ್ಲ, ಲಾವಂಚ ಮತ್ತು ಮಜ್ಜಿಗೆ ಹುಲ್ಲು. ಯಾವುದನ್ನು ಎಲ್ಲಿ ಇಡಬೇಕು ಅನ್ನುವುದಷ್ಟೇ ಪ್ರಶ್ನೆ. ಬಹಳ ಜನ ಅಲ್ಲೇ ತಪ್ಪುತ್ತಾರೆ, ನಾನೂ ತಪ್ಪಿದ್ದೇನೆ.

ಎರಡೂ ಎಳೆಯದರಲ್ಲಿ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಅದೇ ಉದ್ದನೆಯ ಎಲೆ, ಅದೇ ಒತ್ತಾದ ಬುಡ. ನರ್ಸರಿಯಲ್ಲಿ ಕೇಳಿದ್ದು ಒಂದಾದರೆ ಕೈಗೆ ಬರುವುದು ಇನ್ನೊಂದು. ಹೆಸರಿನ ಚೀಟಿ ನಂಬಬೇಡ, ಒಂದು ಎಲೆ ಹರಿದು ಬೆರಳಲ್ಲಿ ಹಿಸುಕಿ ಮೂಸು. ನಿಂಬೆಯ ಸಿಪ್ಪೆ ಗೀರಿದ ಹಾಗೆ ಘಮ ಎದ್ದರೆ ಮಜ್ಜಿಗೆ ಹುಲ್ಲು. ಅದರ ಎಣ್ಣೆಯಲ್ಲಿ ಹೆಚ್ಚಿನ ಪಾಲು ಸಿಟ್ರಾಲ್ ಎಂಬ ಅಂಶ, ಆ ನಿಂಬೆ ವಾಸನೆ ಅದರದೇ. ಬರೀ ಹುಲ್ಲಿನ ವಾಸನೆ ಬಂದರೆ ಲಾವಂಚ ಇರಬಹುದು. ಅದರ ಪರಿಮಳವೆಲ್ಲ ಬೇರಿನಲ್ಲಿ. ಬುಡ ಕೆಂಪಗಿದ್ದು, ಸೊಳ್ಳೆಗೆ ಹಚ್ಚಿಕೊಳ್ಳುವ ಎಣ್ಣೆಯ ಹಾಗೆ ವಾಸನೆ ಬಂದರೆ ಅದು ಸಿಟ್ರೊನೆಲ್ಲಾ, ಮಜ್ಜಿಗೆ ಹುಲ್ಲಿನ ದಾಯಾದಿ. ಅದನ್ನು ಮಜ್ಜಿಗೆ ಹುಲ್ಲೆಂದು ಚಹಾಕ್ಕೆ ಹಾಕಿಬಿಟ್ಟೀಯ, ಜೋಕೆ.

ಮೇಲೆ ಒಂದೇ ಥರ ಇರುವ ಇವು ನೆಲದೊಳಗೆ ಪೂರ್ತಿ ಬೇರೆ. ಹೋದ ಬೇಸಿಗೆಯಲ್ಲಿ, ಉದ್ದನೆಯ ಚೀಲದಲ್ಲಿ ಬೆಳೆಸಿದ್ದ ಲಾವಂಚದ ಬುಡವೊಂದನ್ನು ಬಿಚ್ಚಿದೆ. ಚೀಲ ಸೀಳಿ ನಲ್ಲಿಯ ಕೆಳಗೆ ಹಿಡಿದರೆ ಮಣ್ಣು ಕರಗಿ ಹೋಗುತ್ತಾ ಹೋಯಿತು, ಬೇರು ಮುಗಿಯಲೇ ಇಲ್ಲ. ಹುರಿ ಬಿಚ್ಚಿದ ಹಗ್ಗದ ಹಾಗೆ, ತಿಳಿ ಕಂದು ಬಣ್ಣದ ಎಳೆಗಳು. ಒಂದೂ ಪಕ್ಕಕ್ಕೆ ಹೋಗಿಲ್ಲ, ಎಲ್ಲ ನೆಟ್ಟಗೆ ಕೆಳಕ್ಕೆ ಇಳಿದು, ಚೀಲದ ತಳ ಸಿಕ್ಕಲ್ಲಿ ಚಾಪೆಯ ಹಾಗೆ ಸುತ್ತಿಕೊಂಡಿದ್ದವು. ಒದ್ದೆ ಬೇರಿನ ಆ ವಾಸನೆ, ಮೊದಲ ಮಳೆ ಬಿದ್ದ ಮಣ್ಣಿಗೆ ಗಂಧ ತೇಯ್ದು ಬೆರೆಸಿದಂತೆ, ಎರಡು ದಿನ ಜಗಲಿ ಬಿಟ್ಟು ಹೋಗಲಿಲ್ಲ. ಸಡಿಲವಾದ ಒಳ್ಳೆಯ ಮಣ್ಣು ಸಿಕ್ಕರೆ ಈ ಬೇರು ಒಂದೇ ವರ್ಷದಲ್ಲಿ 3-4 ಮೀಟರ್ ಆಳ ಇಳಿಯುತ್ತದೆ. ಮಜ್ಜಿಗೆ ಹುಲ್ಲಿನದು ಹಾಗಲ್ಲ. ಅದರ ಬೇರು ಮೇಲುಮಣ್ಣಿನಲ್ಲೇ ಹರಡಿಕೊಳ್ಳುತ್ತದೆ, ಗುದ್ದಲಿಯಿಂದ ಒಮ್ಮೆ ಮೀಟಿದರೆ ಇಡೀ ಬುಡ ಎದ್ದು ಬರುತ್ತದೆ.

ಹಾಗಾಗಿ ಆ ದಿಣ್ಣೆಗೆ ಲಾವಂಚವೇ ಸರಿ. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಬದುವಿಗೆ ಲಾವಂಚ ಹಚ್ಚುವುದು ತಲೆಮಾರುಗಳಿಂದ ನಡೆದು ಬಂದದ್ದು. 1980ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯುವ ಕೆಲಸಕ್ಕೆ ಬಂದ ವಿಶ್ವಬ್ಯಾಂಕಿನ ತಜ್ಞರು ಬದುವಿಗೆ ಈ ಹುಲ್ಲು ಹಚ್ಚುವ ಕ್ರಮವನ್ನು ಹೊರಗಿನ ದೇಶಗಳಿಗೆ ಪರಿಚಯಿಸುತ್ತಾ ಹೋದರು. ಥಾಯ್ಲೆಂಡಿನಲ್ಲಿ ಭೂಮಿಬೋಲ್ ದೊರೆಯೇ ಮುಂದೆ ನಿಂತು ಹಾಕಿಸಿದರು. ನಮ್ಮ ಬದುವಿನ ಹುಲ್ಲಿಗೆ ಅಷ್ಟು ಮರ್ಯಾದೆ ಇದೆ, ನೀನು ನೋಡಿದರೆ ಪಂಪಾಸ್ ಕೇಳುತ್ತಿದ್ದೀಯ.

ನೆಡುವ ಕ್ರಮ ಸರಿಯಾಗಿ ಕೇಳಿಸಿಕೋ. ಸಾಲು ಇಳಿಜಾರಿಗೆ ಅಡ್ಡಲಾಗಿರಬೇಕು, ಮೇಲಿಂದ ಕೆಳಕ್ಕೆ ಅಲ್ಲ. ಮೇಲಿಂದ ಕೆಳಕ್ಕೆ ನೆಟ್ಟರೆ ನೀರಿಗೆ ನೀನೇ ದಾರಿ ತೋರಿಸಿದ ಹಾಗೆ. ಬುಡವನ್ನು ಸೀಳಿ, ಎರಡು ಮೂರು ತೆಂಡೆಗೆ ಒಂದರಂತೆ ಮಾಡಿಕೋ. ಎಲೆಯನ್ನು ಒಂದು ಗೇಣಿಗೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸು. ಆರು ಇಂಚಿಗೊಂದು ನೆಡು. ಮೊದಲ ಮಳೆಗಾಲದಲ್ಲಿ ಸತ್ತ ಕಡೆ ಮತ್ತೆ ತುಂಬಿಸು, ಸಾಲಿನಲ್ಲಿ ಕಿಂಡಿ ಉಳಿದರೆ ನೀರು ಅಲ್ಲೇ ನುಗ್ಗುತ್ತದೆ. ಇನ್ನೊಂದು ಮಾತು. ಲಾವಂಚದಲ್ಲಿ ಉತ್ತರದ ಬಗೆ, ದಕ್ಷಿಣದ ಬಗೆ ಎಂದು ಎರಡಿವೆ. ಉತ್ತರದ್ದು ಬೀಜ ಕಟ್ಟಿ ಹುಟ್ಟುತ್ತದೆ. ನಮ್ಮ ಕಡೆ ಬೆಳೆಸುವ ದಕ್ಷಿಣದ ಬಗೆ ಹೂ ಬಿಟ್ಟರೂ ಹುಟ್ಟುವ ಬೀಜ ಕಟ್ಟುವುದಿಲ್ಲ. ನೆಲದೊಳಗೆ ಗರಿಕೆಯ ಹಾಗೆ ಹಬ್ಬುವುದೂ ಇಲ್ಲ. ಇಟ್ಟ ಜಾಗದಲ್ಲೇ ಇರುತ್ತದೆ. ಗೊತ್ತಿದ್ದವರ ಹೊಲದಿಂದ ಬುಡ ತಂದರೆ ಯಾವ ಬಗೆ ಬಂತೋ ಎಂಬ ಯೋಚನೆಯೇ ಇಲ್ಲ.

ಚೆಂದಕ್ಕೆ ಅಂತ ಕೇಳಿದರೂ ನನ್ನ ಮತ ಲಾವಂಚಕ್ಕೇ. ಆಳೆತ್ತರಕ್ಕೆ ನೆಟ್ಟಗೆ ಎದ್ದು ತುದಿಯಲ್ಲಷ್ಟೇ ಬಾಗುತ್ತದೆ. ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಒಮ್ಮೆ ನೋಡು. ಗೇಟಿನ ಎರಡು ಪಕ್ಕಕ್ಕೆ ಒಂಟಿಯಾಗಿ ಒಂದೊಂದು ಬುಡ ಬೇಕೆಂದರೆ ಸುತ್ತ ಮೂರಡಿ ಬಿಡು. ಮಜ್ಜಿಗೆ ಹುಲ್ಲು ಮಳೆಗಾಲದಲ್ಲಿ ಚೆಲುವೆ, ಬೇಸಿಗೆ ಬಂತೆಂದರೆ ತಲೆ ಕೆದರಿಕೊಂಡು ನಾಲ್ಕೂ ಕಡೆ ಬೀಳುತ್ತದೆ. ಅದು ಮುಂಬಾಗಿಲಿನ ಗಿಡವಲ್ಲ.

ಅದರ ಜಾಗ ಅಡುಗೆಮನೆಯ ಬಾಗಿಲ ಹೊರಗೆ. ಒಲೆಯ ಮೇಲೆ ನೀರು ಕುದಿಯುತ್ತಿರುವಾಗ ಕೈ ಚಾಚಿ ಎರಡು ಎಲೆ ಕೊಯ್ಯುವಷ್ಟು ಹತ್ತಿರ ಇರಬೇಕು. ದೂರ ಹಾಕಿದರೆ ಬಳಸುವುದೇ ಇಲ್ಲ. ಎರಡು ಎಲೆಯನ್ನು ಮಡಿಸಿ ಗಂಟು ಹಾಕಿ ಮಜ್ಜಿಗೆಗೆ ಬಿಡು, ಕುಡಿಯುವ ಮೊದಲು ಎತ್ತಿ ಎಸೆ. ಶೀತವಾದಾಗ ಶುಂಠಿ, ಮೆಣಸಿನ ಜೊತೆ ಕಷಾಯಕ್ಕೂ ಆಗುತ್ತದೆ. ಒಂದೇ ಬುಡ ನಿಮ್ಮ ಮೂವರಿಗೆ ಧಾರಾಳ. ಎಲೆಯ ಅಂಚು ಬ್ಲೇಡಿನ ಹಾಗೆ, ಮಗು ಓಡಾಡುವ ಕಾಲುದಾರಿಯ ಪಕ್ಕ ಮಾತ್ರ ಬೇಡ.

ನನ್ನ ತಪ್ಪುಗಳನ್ನೂ ಹೇಳಿಬಿಡುತ್ತೇನೆ, ನೀನು ಮಾಡಬಾರದು ಎಂದು. ಮಜ್ಜಿಗೆ ಹುಲ್ಲನ್ನು ಬಚ್ಚಲ ನೀರು ನಿಲ್ಲುವ ಕಡೆ ಹಾಕಿದ್ದೆ, ನೀರು ಹೆಚ್ಚಾದಷ್ಟೂ ಒಳ್ಳೆಯದು ಅಂದುಕೊಂಡು. ಆಷಾಢ ಕಳೆಯುವುದರೊಳಗೆ ಬುಡ ಕೊಳೆತು ಹೋಯಿತು. ನೀರು ನಿಂತರೂ ತಡೆಯುವುದು ಲಾವಂಚ, ಬರಗಾಲ ಬಂದರೂ ತಡೆಯುವುದು ಅದೇ. ಆದರೆ ಲಾವಂಚಕ್ಕೆ ನೆರಳು ಆಗದು. ಹಲಸಿನ ಮರದ ಕೆಳಗೆ ಹಾಕಿದ ಸಾಲು ಮೂರು ವರ್ಷದಲ್ಲಿ ಸೊರಗಿ ಸೊರಗಿ ಮಾಯವಾಯಿತು. ಎಲ್ಲಕ್ಕಿಂತ ದೊಡ್ಡ ತಪ್ಪು, ಹೂಜಿಯ ನೀರಿಗೆ ಹಾಕಲೆಂದು ಏರಿಯ ಮೇಲಿನ ಲಾವಂಚವನ್ನೇ ಅಗೆದದ್ದು. ಮುಂದಿನ ಮಳೆಗೆ ಅಗೆದ ಕಡೆಯೇ ಏರಿ ಜರಿಯಿತು. ಬೇರು ಬೇಕಾದರೆ ಬೇರೆ ಚೀಲದಲ್ಲಿ ಬೆಳೆಸು, ಒಂದೂವರೆ ವರ್ಷಕ್ಕೆ ಕೈಗೆ ಬರುತ್ತದೆ. ದಿಣ್ಣೆಯಲ್ಲಿರುವುದನ್ನು ಮುಟ್ಟಬೇಡ.

ನೆಟ್ಟು ಮರೆಯುವ ಹುಲ್ಲುಗಳು ಇವಲ್ಲ, ಕತ್ತರಿ ಬೇಕು. ಲಾವಂಚವನ್ನು ವರ್ಷಕ್ಕೆ ಎರಡು ಸಲ ಮೊಣಕಾಲುದ್ದಕ್ಕೆ ಕೊಯ್ದರೆ ಹೊಸ ತೆಂಡೆ ಒಡೆದು ಸಾಲು ಗೋಡೆಯಾಗುತ್ತದೆ. ಕೊಯ್ದದ್ದನ್ನು ಗಿಡಗಳ ಬುಡಕ್ಕೆ ಹೊದಿಸು. ಎಳೆಯ ಎಲೆಯಾದರೆ ಪಕ್ಕದ ಮನೆಯ ಹಸು ತಿನ್ನುತ್ತದೆ. ಕೊಯ್ಯದೆ ಬಿಟ್ಟರೆ ಒಳಗೆ ಒಣಗಿದ ತರಗು ತುಂಬಿ ಇಲಿ ಸೇರಿಕೊಳ್ಳುತ್ತದೆ, ಇಲಿಯ ಹಿಂದೆ ಏನು ಬರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಮಜ್ಜಿಗೆ ಹುಲ್ಲು ಮೂರು ನಾಲ್ಕು ವರ್ಷಕ್ಕೆ ನಡುವೆ ಬೋಳಾಗುತ್ತದೆ. ಆಗ ಕಿತ್ತು, ಹೊರಸುತ್ತಿನ ಹಸಿ ತೆಂಡೆಗಳನ್ನು ಮಾತ್ರ ಬೇರೆ ಕಡೆ ನೆಡು, ನಡುವಿನ ಒಣಬುಡವನ್ನು ಗೊಬ್ಬರದ ಗುಂಡಿಗೆ ಹಾಕು.

ದುಡ್ಡು ಕೊಟ್ಟು ಯಾವುದನ್ನೂ ತರಬೇಡ. ಮೃಗಶಿರಾ ಮಳೆ ಹಿಡಿದ ಮೊದಲ ಭಾನುವಾರ ಬಾ. ನಿನ್ನ ದಿಣ್ಣೆ ಇಪ್ಪತ್ತು ಅಡಿ ಅಂದೆಯಲ್ಲ, ಎರಡು ಸಾಲಿಗೆ ಎಂಬತ್ತು ಬುಡ ಬೇಕು, ಸತ್ತ ಕಡೆ ತುಂಬಿಸಲು ಇಪ್ಪತ್ತು ಹೆಚ್ಚಿಗೆ. ನೂರು ಬುಡ ಸೀಳಿ, ಗೋಣಿಚೀಲ ಒದ್ದೆ ಮಾಡಿ ಸುತ್ತಿಟ್ಟಿರುತ್ತೇನೆ. ಮಜ್ಜಿಗೆ ಹುಲ್ಲು ಒಂದು ಹಿಡಿ ಸಾಕು. ತೆಗೆದುಕೊಂಡು ಹೋದ ದಿನವೇ ನೆಟ್ಟುಬಿಡು, ಮರುದಿನಕ್ಕೆ ಇಡಬೇಡ.