ಶರತ್ಕಾಲದ ಹಕ್ಕಿಗಳು

ಮಳೆಗಾಲವು ಹಿಂದೆ ಸರಿದು ಶರದೃತುವು ಕಾಲಿಡುವಾಗ ನಮ್ಮ ಉದ್ಯಾನಗಳಿಗೆ ದೂರದ ಹಕ್ಕಿಗಳು ಬಂದು ಸೇರುತ್ತವೆ. ಅವನ್ನು ಗುರುತಿಸುವುದು ಹೇಗೆ? ಅಕ್ಟೋಬರ್ ತಿಂಗಳ ಒಂದು ಮುಂಜಾನೆ ನಾವು ಬೆಂಗಳೂರಿನ ಲಾಲ್‌ಬಾಗಿನ ಕೆರೆಯ ದಂಡೆಯಲ್ಲಿರುವೆವೆಂದು ಭಾವಿಸೋಣ.

ನೀರಿನ ಅಂಚಿನಲ್ಲಿ ಬಾಲವನ್ನು ಕುಣಿಸುತ್ತ ಓಡಾಡುವ ಹಕ್ಕಿಗಳೇ ಸಿಪಿಲೆಗಳು. ಕಪ್ಪು ಬೆನ್ನು, ಬಿಳಿಯ ಹುಬ್ಬು ಉಳ್ಳ ಸಿಪಿಲೆ ನಮ್ಮ ನಾಡಿನದೇ. ವರ್ಷವೆಲ್ಲ ಇಲ್ಲಿಯೇ ಇರುವುದು. ಬೂದು ಬೆನ್ನು, ಬಾಲದ ಬುಡದಲ್ಲಿ ಹಳದಿ ಬಣ್ಣ ಉಳ್ಳದ್ದಾದರೋ, ಹಿಮಾಲಯದ ಅಥವಾ ಅದರಾಚೆಯ ಬೆಟ್ಟದ ತೊರೆಗಳ ಬಳಿ ಮರಿಮಾಡಿ ಬಂದ ಅತಿಥಿ. ಮರದ ಎಲೆಗಳ ನಡುವೆ ‘ಚಿ-ವೀ’ ಎಂದು ಕೂಗುವ ಹಸಿರು ಉಲಿಯಕ್ಕಿಯೂ ಅಂತಹುದೇ. ಹತ್ತು ಗ್ರಾಮ್ ಕೂಡ ತೂಗದ ಈ ಜೀವಿಯು ಚಳಿಗಾಲವೆಲ್ಲ ತನ್ನ ಪಾಲಿನ ಮರಗಳನ್ನು ತನ್ನ ಜಾತಿಯ ಇತರ ಹಕ್ಕಿಗಳಿಂದ ಕಾಯುತ್ತದೆ. ಆ ಕೂಗು ಅವುಗಳಿಗೆ ಕೊಡುವ ಎಚ್ಚರಿಕೆ.

ಇವು ಇಷ್ಟು ದೂರ ಬರುವುದೇಕೆ? ಚಳಿಗಿಂತಲೂ ಹಸಿವೇ ಮುಖ್ಯ ಕಾರಣ. ಉತ್ತರದಲ್ಲಿ ಶೀತವೇರಿದಂತೆ ಕೀಟಗಳು ಮರೆಯಾಗುತ್ತವೆ. ಇಲ್ಲಿ ಮಳೆಯ ತರುವಾಯ ಅವು ಹೇರಳ. ಆದರೆ ಆಹಾರವು ತೀರುವ ಮೊದಲೇ ಹಕ್ಕಿಗಳು ಹೊರಡುತ್ತವೆ. ಅವುಗಳಿಗೆ ಕಾಲವನ್ನು ತಿಳಿಸುವವರಾರು? 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಎಂಬ ವಿಜ್ಞಾನಿಯು ಜಂಕೋ ಎಂಬ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿರಿಸಿ, ವಿದ್ಯುದ್ದೀಪದಿಂದ ಅವುಗಳ ಹಗಲನ್ನು ದಿನದಿನಕ್ಕೂ ಹಿಗ್ಗಿಸಿದನು. ವಸಂತದಲ್ಲಿ ಆಗುವಂತೆಯೇ ಅವುಗಳ ಸಂತಾನಾಂಗಗಳು ಬೆಳೆದವು! ಹಗಲಿನ ಉದ್ದವೇ ಹಕ್ಕಿಯ ಪಂಚಾಂಗವೆಂಬ ಅರಿವಿಗೆ ಈ ಪ್ರಯೋಗವು ದಾರಿ ತೋರಿತು.

ಇಲ್ಲಿಯೇ ಒಂದು ತೊಡಕು ಇದೆ. ಹಗಲಿನ ಉದ್ದವು ವರ್ಷದಿಂದ ವರ್ಷಕ್ಕೆ ಬದಲಾಗದು. ಕೀಟಗಳಾದರೋ ಮಳೆ ಬಿಸಿಲುಗಳನ್ನು ಅನುಸರಿಸುವುವು. ಭೂಮಿಯು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಪಂಚಾಂಗಕ್ಕೂ ಊಟಕ್ಕೂ ಹೊಂದಿಕೆ ತಪ್ಪಬಹುದು. ತಪ್ಪಿದೆಯೇ ಎಂಬುದನ್ನು ಅನೇಕ ವರ್ಷಗಳ ತಾರೀಖುಗಳು ಮಾತ್ರ ಹೇಳಬಲ್ಲವು. ಆದುದರಿಂದಲೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು 2007ರಲ್ಲಿ ‘ಮೈಗ್ರಂಟ್‌ವಾಚ್’ ಯೋಜನೆಯನ್ನು ಆರಂಭಿಸಿ, ವಲಸೆ ಹಕ್ಕಿಗಳು ಮೊದಲು ಕಂಡ ದಿನಗಳನ್ನು ಸಾಮಾನ್ಯ ಜನರಿಂದಲೇ ಸಂಗ್ರಹಿಸತೊಡಗಿದರು.

ಈ ಕೆಲಸವು ವಿದ್ಯಾರ್ಥಿಗಳಿಗೂ ಸಾಧ್ಯ. ಆಗಸ್ಟ್ ಕೊನೆಯಿಂದಲೇ ವಾರಕ್ಕೊಮ್ಮೆ ಒಂದೇ ಸ್ಥಳಕ್ಕೆ, ಒಂದೇ ಹೊತ್ತಿನಲ್ಲಿ ಹೋಗಿ, ತಾರೀಖು, ವೇಳೆ, ಹಕ್ಕಿಯ ಹೆಸರು, ಸಂಖ್ಯೆ ಇವನ್ನು ಬರೆದಿಡಬೇಕು. ಹುಡುಕಿಯೂ ಹಕ್ಕಿ ಕಾಣದ ದಿನವನ್ನು ಬರೆಯಲು ಮರೆಯಬಾರದು. ‘ಕಳೆದ ವಾರ ಇರಲಿಲ್ಲ’ ಎಂಬ ದಾಖಲೆಯಿದ್ದರೆ ಮಾತ್ರ ‘ಈ ವಾರ ಬಂದಿತು’ ಎಂಬ ಮಾತಿಗೆ ಬೆಲೆಯುಂಟು.